ಎಳೆಯ ಬೋನ್ಸಾಯ್: ಕುಂಡ ಬದಲಿಸುವ ಮೊದಲು ಬೇರು ನೋಡಿ

ಸಸ್ಯಪಾಲನಾ ಕೇಂದ್ರವೊಂದರ ಬೋನ್ಸಾಯ್ ವಿಭಾಗವನ್ನು ನೋಡಿಕೊಳ್ಳುವ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆಯೆಂದರೆ, ಎಳೆಯ ಗಿಡದ ಕುಂಡವನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು. ವೇಗವಾಗಿ ಬೆಳೆಯುವ ಎಳೆಯ ಗಿಡಕ್ಕೆ 1-2 ವರ್ಷಕ್ಕೊಮ್ಮೆ, ಬೆಳವಣಿಗೆ ನಿಧಾನವಾದ ಹಳೆಯ ಗಿಡಕ್ಕೆ 3-5 ವರ್ಷಕ್ಕೊಮ್ಮೆ ಎಂಬ ಪ್ರಚಲಿತ ಲೆಕ್ಕ ತಪ್ಪೇನೂ ಅಲ್ಲ. ಆದರೆ ಆ ಲೆಕ್ಕವು ಗಿಡವನ್ನು ಪರೀಕ್ಷಿಸಬೇಕಾದ ಕಾಲವನ್ನು ತಿಳಿಸುತ್ತದೆಯೇ ಹೊರತು ಕುಂಡ ಬದಲಿಸಿ ಬೇರು ಕತ್ತರಿಸಬೇಕಾದ ಕಾಲವನ್ನಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಆಗುವ ಹಾನಿಯೇ ನಮ್ಮಲ್ಲಿಗೆ ಚಿಕಿತ್ಸೆಗಾಗಿ ಬರುವ ಗಿಡಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಪರೀಕ್ಷಿಸುವ ಕ್ರಮ ಸರಳವಾದುದು. ಮೊದಲಿಗೆ ನೀರು ಹಾಕಿ ಗಮನಿಸುತ್ತೇನೆ. ಹಿಂದೆ ಕ್ಷಣಮಾತ್ರದಲ್ಲಿ ಇಳಿದುಹೋಗುತ್ತಿದ್ದ ನೀರು ಈಗ ಮೇಲೆಯೇ ನಿಲ್ಲುತ್ತಿದ್ದರೆ, ಒಂದೋ ಮಣ್ಣಿನ ಕಣಗಳು ಪುಡಿಯಾಗಿವೆ, ಇಲ್ಲವೇ ಕಣಗಳ ನಡುವಿನ ಜಾಗವನ್ನೆಲ್ಲ ಬೇರು ತುಂಬಿಕೊಂಡಿದೆ. ಬಳಿಕ ಗಿಡವನ್ನು ಕುಂಡದಿಂದ ನಿಧಾನವಾಗಿ ಎತ್ತಿ ನೋಡುತ್ತೇನೆ. ಕುಂಡದ ಗೋಡೆಗುಂಟ ಬೇರುಗಳು ಸುತ್ತು ಹಾಕಿ ಒತ್ತಾದ ಚಾಪೆಯಂತಾಗಿದ್ದರೆ ಕಾಲ ಬಂದಿದೆ ಎಂದರ್ಥ. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಬೇರಿನ ತುದಿ ಮಾತ್ರ ಕಾಣಿಸಿ ಮಣ್ಣು ಉದುರುತ್ತಿದ್ದರೆ, ಎಷ್ಟೇ ವರ್ಷವಾಗಿದ್ದರೂ ಗಿಡವನ್ನು ಹಾಗೆಯೇ ಮರಳಿ ಇಡುವುದು ಒಳ್ಳೆಯದು.

ಬೇರು ತುಂಬಿದೆ ಎಂದ ಮಾತ್ರಕ್ಕೆ ಅಂದೇ ಕತ್ತರಿ ಹಿಡಿಯಬೇಕಾಗಿಲ್ಲ. ಎಲೆ ಉದುರಿಸುವ ಜಾತಿಯ ಗಿಡಗಳಿಗೆ ಚಳಿಗಾಲದ ಕೊನೆಯಲ್ಲಿ, ಮೊಗ್ಗುಗಳು ಉಬ್ಬಿದ್ದರೂ ಇನ್ನೂ ಬಿಚ್ಚಿಕೊಳ್ಳದಿರುವ ಕೆಲವೇ ದಿನಗಳ ಅವಧಿ ಅತ್ಯಂತ ಸೂಕ್ತ. ಆಗ ಹಿಂದಿನ ಋತುವಿನಲ್ಲಿ ಕೂಡಿಟ್ಟ ಆಹಾರವು ಕಾಂಡ ಮತ್ತು ಬೇರುಗಳಲ್ಲಿ ಇನ್ನೂ ಉಳಿದಿರುತ್ತದೆ. ಎಲೆಗಳಿಲ್ಲದ ಕಾರಣ ಕತ್ತರಿಸಿದ ಬೇರಿನ ಮೇಲೆ ನೀರಿನ ಬೇಡಿಕೆಯ ಒತ್ತಡವೂ ಬೀಳುವುದಿಲ್ಲ. ಆಲ, ಅರಳಿಯ ಜಾತಿಯ ಫೈಕಸ್‌ನಂತಹ ಉಷ್ಣವಲಯದ ಗಿಡಗಳ ವಿಷಯ ಇದಕ್ಕೆ ವಿರುದ್ಧವಾದುದು. ಅವುಗಳಿಗೆ ವಾತಾವರಣ ಬೆಚ್ಚಗಿದ್ದು ಬೆಳವಣಿಗೆ ಭರದಿಂದ ಸಾಗುತ್ತಿರುವಾಗಲೇ ಕುಂಡ ಬದಲಿಸಬೇಕು. ಸೂಕ್ತ ಕಾಲ ಮೀರಿದ ಮೇಲೆ ಬೇರು ಇಕ್ಕಟ್ಟಾಗಿರುವುದು ಗೊತ್ತಾದರೆ, ಬೇರಿನ ಮುದ್ದೆಯನ್ನು ಕದಡದೆ ತುಸು ದೊಡ್ಡ ಕುಂಡಕ್ಕೆ ಇಳಿಸಿ, ಸುತ್ತಲೂ ಹೊಸ ಮಣ್ಣು ತುಂಬಿ ಮುಂದಿನ ಋತುವಿನವರೆಗೆ ಕಾಯಬಹುದು. ಕಾಯಬಾರದ ಸಂದರ್ಭ ಒಂದೇ: ಬೇರು ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿದ್ದರೆ ಕಾಲವನ್ನು ಲೆಕ್ಕಿಸದೆ ಕೊಳೆತ ಭಾಗವನ್ನು ತೆಗೆದುಹಾಕಬೇಕು.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಬೇಗ ಒಪ್ಪಿಕೊಳ್ಳದ ಸಂಗತಿ ಇದೇ. ಯಾವುದೇ ಕುಂಡದಲ್ಲಿ ನೀರೆಲ್ಲ ಬಸಿದು ಹೋದ ಮೇಲೂ ತಳದಿಂದ ಸ್ವಲ್ಪ ಎತ್ತರದವರೆಗೆ ಮಣ್ಣು ಪೂರ್ತಿ ತೊಯ್ದೇ ಇರುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರವೇ ಹೊರತು ಕುಂಡದ ಆಳವಲ್ಲ; ಕಣ ಸಣ್ಣದಾದಷ್ಟೂ ಆ ಎತ್ತರ ಹೆಚ್ಚು. ಆದ್ದರಿಂದ ಆಳವಾದ ಕುಂಡದಲ್ಲಿ ತೊಂದರೆ ಕೊಡದ ಸಣ್ಣ ಕಣಗಳ ತೋಟದ ಮಣ್ಣು, ಬೋನ್ಸಾಯ್‌ನ ಆಳವಿಲ್ಲದ ಕುಂಡದಲ್ಲಿ ಹೆಚ್ಚು ಕಡಿಮೆ ಮೇಲಿನವರೆಗೂ ಒದ್ದೆಯಾಗಿ ನಿಂತು ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ತಳದಲ್ಲಿ ಜಲ್ಲಿಯ ಪದರ ಹಾಕಿದರೆ ಇದು ಸರಿಹೋಗುತ್ತದೆ ಎಂಬ ನಂಬಿಕೆಯಿದೆ. ವಾಸ್ತವದಲ್ಲಿ ಒದ್ದೆಯ ಪದರವು ಜಲ್ಲಿಯ ಮೇಲಕ್ಕೆ ಸರಿದು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಅಕಡಾಮ (ಜಪಾನಿನ ಹರಳಿನಂತಹ ಜೇಡಿಮಣ್ಣು), ಪ್ಯೂಮಿಸ್ (ಹಗುರವಾದ, ರಂಧ್ರಗಳಿರುವ ಜ್ವಾಲಾಮುಖಿ ಕಲ್ಲು) ಮತ್ತು ಲಾವಾ ಕಲ್ಲುಗಳನ್ನು ಸಮಪಾಲಿನಲ್ಲಿ ಬೆರೆಸಿ, ಸುಮಾರು 2 ರಿಂದ 6 ಮಿ.ಮೀ. ಗಾತ್ರದ ಕಣಗಳನ್ನು ಮಾತ್ರ ಉಳಿಸಿಕೊಳ್ಳುವುದು ರೂಢಿಯಲ್ಲಿರುವ ಮಿಶ್ರಣ. ಯಾವ ವಸ್ತುವನ್ನು ಬಳಸಿದರೂ ಜರಡಿ ಹಿಡಿದು ದೂಳು ತೆಗೆಯುವುದನ್ನು ಮಾತ್ರ ಬಿಡಬಾರದು. ಬೇಸರ ತರುವ ಕೆಲಸವೆಂಬುದು ನಿಜ, ಆದರೂ ದುಬಾರಿ ಮಿಶ್ರಣಕ್ಕಿಂತ ಜರಡಿಯ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಕುಂಡದ ರಂಧ್ರಗಳಿಗೆ ಬಲೆ ಕೂರಿಸಿ, ಗಿಡವನ್ನು ಕಟ್ಟುವ ತಂತಿಯನ್ನು ರಂಧ್ರದ ಮೂಲಕ ಹಾಯಿಸಿ, ತಳಕ್ಕೆ ಮಣ್ಣು ಹರಡಿಟ್ಟ ಮೇಲೆಯೇ ಗಿಡವನ್ನು ಹಳೆಯ ಕುಂಡದಿಂದ ಹೊರತೆಗೆಯಬೇಕು. ಸೂಕ್ಷ್ಮವಾದ ಬೇರುಗಳು ಗಾಳಿಗೆ ಬೇಗನೆ ಒಣಗುವುದರಿಂದ ನಡುನಡುವೆ ನೀರು ಚಿಮುಕಿಸುತ್ತಿರಬೇಕು. ಬೇರಿನ ಮುದ್ದೆಯನ್ನು ಕಡ್ಡಿಯಿಂದ ಹೊರಗಿನಿಂದ ಬಿಡಿಸುತ್ತಾ ಬಂದು, ನೇರ ಕೆಳಗಿಳಿಯುವ ದಪ್ಪ ಬೇರುಗಳನ್ನು ಮೊಟಕುಗೊಳಿಸಿ, ಕಾಂಡದ ಬುಡದಿಂದ ಸುತ್ತಲೂ ಹರಡುವ ಬೇರುಗಳನ್ನು ಉಳಿಸಿಕೊಳ್ಳುವುದು ಎಳೆಯ ಗಿಡದಲ್ಲಿ ಮಾಡಬೇಕಾದ ಮುಖ್ಯ ಕೆಲಸ. ಮುಂದೆ ಬುಡದ ಅಂದ ನಿರ್ಧಾರವಾಗುವುದು ಈ ಹಂತದಲ್ಲಿಯೇ. ಒಟ್ಟು ಬೇರಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಕ್ಷೇಮ. ಫೈಕಸ್ ಇದಕ್ಕಿಂತ ಹೆಚ್ಚನ್ನೂ ತಾಳಿಕೊಳ್ಳುತ್ತದೆ. ಜುನಿಪರ್, ಪೈನ್‌ನಂತಹ ಶಂಕುಧಾರಿ ಮರಗಳಲ್ಲಿ ಇನ್ನೂ ಕಡಿಮೆ ತೆಗೆಯಬೇಕು. ಪೈನ್‌ನ ಹಳೆಯ ಮಣ್ಣನ್ನು ಪೂರ್ತಿ ತೊಳೆಯಲೇಬಾರದು, ಅದರ ಬೇರಿನೊಂದಿಗೆ ಬದುಕುವ ಉಪಕಾರಿ ಶಿಲೀಂಧ್ರ ಆ ಮಣ್ಣಿನಲ್ಲಿರುತ್ತದೆ. ಬೇರು ಕಡಿಮೆಯಾಯಿತೆಂದು ಅದೇ ದಿನ ಮೇಲಿನ ಕೊಂಬೆಗಳನ್ನೂ ಸಮವಾಗಿ ಕತ್ತರಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಹೊಸ ಬೇರು ಹೊರಡಲು ಬೇಕಾದ ಪ್ರೇರಣೆ ಬೆಳೆಯುವ ಕುಡಿಗಳಿಂದಲೇ ಬರಬೇಕು.

ಗಿಡವನ್ನು ಕೂರಿಸಿದ ಮೇಲೆ ತಂತಿಯಿಂದ ಅಲುಗಾಡದಂತೆ ಕಟ್ಟುವುದು ಅಲಂಕಾರಕ್ಕಲ್ಲ. ಗಿಡ ಓಲಾಡಿದರೆ ಆಗತಾನೇ ಮೂಡಿದ ಬೇರಿನ ತುದಿಗಳು ಮುರಿಯುತ್ತವೆ. ಬೇರುಗಳ ನಡುವೆ ಟೊಳ್ಳು ಉಳಿಯದಂತೆ ಕಡ್ಡಿಯಿಂದ ಮಣ್ಣನ್ನು ಇಳಿಸಿ, ರಂಧ್ರದಿಂದ ತಿಳಿನೀರು ಹೊರಬರುವವರೆಗೆ ನೀರು ಹಾಕಬೇಕು. ರಸಭರಿತ ಎಲೆಗಳ ಜೇಡ್ ಗಿಡ ಮಾತ್ರ ಇದಕ್ಕೆ ಅಪವಾದ: ಕತ್ತರಿಸಿದ ಬೇರಿನ ಗಾಯ ಒಣಗಲೆಂದು ಅದಕ್ಕೆ ಕೆಲವು ದಿನ ನೀರು ಕೊಡುವುದಿಲ್ಲ. ಕುಂಡ ಬದಲಿಸಿದ ಎಲ್ಲ ಗಿಡಗಳನ್ನೂ 2-4 ವಾರ ಬಿರುಬಿಸಿಲು ಮತ್ತು ಗಾಳಿಯ ಹೊಡೆತದಿಂದ ದೂರವಿಟ್ಟು, 4-6 ವಾರಗಳ ನಂತರವೇ ಗೊಬ್ಬರ ಆರಂಭಿಸುತ್ತೇವೆ.

ಮುಂದಿನ ಪರೀಕ್ಷೆಗೆ ಗಿಡವನ್ನು ಎತ್ತುವವರು ಬೇರೆ ಸಿಬ್ಬಂದಿಯಾಗಿರಬಹುದಾದ ಕಾರಣ, ಕುಂಡಕ್ಕೆ ಕಟ್ಟುವ ಚೀಟಿಯಲ್ಲಿ ದಿನಾಂಕದ ಜೊತೆಗೆ ಬೇರು ಎಷ್ಟು ತುಂಬಿತ್ತು, ಯಾವ ಬದಿಯಲ್ಲಿ ಕತ್ತರಿಸಲಾಯಿತು, ಯಾವ ದಪ್ಪ ಬೇರನ್ನು ಮುಂದಿನ ಬಾರಿಗೆ ಬಿಡಲಾಯಿತು ಎಂಬುದನ್ನೂ ಬರೆಯುವ ಪದ್ಧತಿಯನ್ನು ನಮ್ಮ ವಿಭಾಗದಲ್ಲಿ ಇಟ್ಟುಕೊಂಡಿದ್ದೇವೆ. ಬರಿಯ ದಿನಾಂಕವಿರುವ ಚೀಟಿಯನ್ನು ನಾನು ಮರಳಿಸುತ್ತೇನೆ.