‘ನೋಡೋಣ’ ಅಂದ್ರೆ

ಪಕ್ಕದ ಮನೆಯ ಹುಡುಗನಿಗೆ ಆ ವಾರ ದವಡೆಯ ಕೊನೇ ಹಲ್ಲು ನಾಲ್ಕನ್ನೂ ತೆಗೆಸಿದ್ದರು. ಎರಡೂ ಕೆನ್ನೆ ಊದಿಕೊಂಡಿದ್ದವು. ಗದ್ದದಿಂದ ನೆತ್ತಿಯವರೆಗೆ ಐಸ್ ಪ್ಯಾಕಿನ ಪಟ್ಟಿ ಸುತ್ತಿಕೊಂಡು ಸೋಫಾ ಮೇಲೆ ಕೂತಿದ್ದ. ನಾನು ಡಬ್ಬಿಯಲ್ಲಿ ಮೊಸರನ್ನ ತಗೊಂಡು ಹೋಗಿದ್ದೆ. ಒಗ್ಗರಣೆ ಹಾಕದೆ, ಅನ್ನ ಚೆನ್ನಾಗಿ ಹಿಸುಕಿ ಮೆತ್ತಗೆ ಕಲಸಿದ್ದೆ. ಹಲ್ಲು ತುಂಬಾ ನೋಯ್ತಿತ್ತಾ ಅಂತ ಅವರಮ್ಮನನ್ನು ಕೇಳಿದೆ. ನೋವೇ ಇರಲಿಲ್ವಂತೆ. ಮಿಷನ್‌ಗೆ, ಅಂದರೆ ಚರ್ಚಿನ ಪರವಾಗಿ ಧರ್ಮಪ್ರಚಾರಕ್ಕೆ, ಹೊರಡುವ ಮೊದಲು ತೆಗೆಸಿಬಿಡುವುದು ಇಲ್ಲಿ ರೂಢಿ. ಗೊತ್ತಿಲ್ಲದ ದೇಶದಲ್ಲಿ, ಗೊತ್ತಿಲ್ಲದ ಊರಲ್ಲಿ ಹಲ್ಲುನೋವು ಶುರುವಾದರೆ ಯಾರು ನೋಡ್ಕೊಳ್ತಾರೆ ಅಂತ.

ನಾವಿರುವುದು ಅಮೆರಿಕದ ಯೂಟಾ ರಾಜ್ಯದ ಲೀಹೈನಲ್ಲಿ. ಸಾಲ್ಟ್ ಲೇಕ್ ಸಿಟಿಗೂ ಪ್ರೊವೊಗೂ ನಡುವೆ ಇರುವ ಊರು. ಹೆಸರೇ ಮಾರ್ಮನ್ ಗ್ರಂಥದಲ್ಲಿ ಬರುವ ಒಬ್ಬ ಪ್ರವಾದಿಯದು. ಸಾಫ್ಟ್‌ವೇರ್ ಕಂಪನಿಗಳು ಬಂದಮೇಲೆ ನಮ್ಮಂಥ ಕನ್ನಡದವರೂ ಇಲ್ಲಿ ಅಲ್ಲಲ್ಲಿ ಸಿಗುತ್ತಾರೆ. ಪಕ್ಕದ ಮನೆಯವರು ಮಾರ್ಮನ್ ಪಂಥದ ಕ್ರೈಸ್ತರು. ಮಾರ್ಮನ್ ಅನ್ನುವ ಹೆಸರು ಅವರಿಗೆ ಅಷ್ಟು ಇಷ್ಟವಿಲ್ಲ, ಚರ್ಚಿನ ಪೂರ್ತಿ ಹೆಸರೇ ಹೇಳಿ ಅಂತಾರೆ. ನಮ್ಮವರಿಗೆ ಗೊತ್ತಿರುವುದು ಈ ಹೆಸರು, ಅದಕ್ಕೆ ಇದನ್ನೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಮನೆ ಬಾಗಿಲು ತಟ್ಟಿ ಅವರ ಧರ್ಮ ಬದಲಿಸಲು ಹೋಗುವುದು ನನಗೆ ಒಪ್ಪಿಗೆಯಾಗುವ ವಿಷಯ ಅಲ್ಲ. ಆ ಮನೆಯವರಿಗೂ ಇದನ್ನು ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಂಡಿಲ್ಲ. ಆದರೆ ಆ ಹುಡುಗ ನನ್ನ ಮಗನ ಜೊತೆ ಬೆಳೆದವನು. ಒಂಬತ್ತು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬ ಎಲ್ಲಿರುತ್ತೆ ಅಂತ ಗೊತ್ತಿರುವವನು. ಅವನು ಹದಿನೆಂಟಕ್ಕೆ ಎರಡು ವರ್ಷ ಮನೆ ಬಿಟ್ಟು ಹೋಗುತ್ತಾನೆ ಅಂದರೆ ಅದು ನನಗೂ ಸೇರಿದ ವಿಷಯವೇ.

ಹದಿನೆಂಟು ಅನ್ನುವುದು 2012ರ ಅಕ್ಟೋಬರ್‌ನಲ್ಲಿ ಆದ ಬದಲಾವಣೆ. ಅದಕ್ಕೆ ಮೊದಲು ಹುಡುಗರಿಗೆ 19, ಹುಡುಗಿಯರಿಗೆ 21 ತುಂಬಬೇಕಿತ್ತು. ಆಗ ಹುಡುಗರದನ್ನು 18ಕ್ಕೆ, ಹುಡುಗಿಯರದನ್ನು 19ಕ್ಕೆ ಇಳಿಸಿದರು. 2025ರ ನವೆಂಬರ್‌ನಲ್ಲಿ ಹುಡುಗಿಯರದೂ 18 ಆಯಿತು. 2012ರ ಬದಲಾವಣೆಯಾದ ಒಂದೇ ವರ್ಷದಲ್ಲಿ ಮಿಷನರಿಗಳ ಸಂಖ್ಯೆ 58 ಸಾವಿರ ಚಿಲ್ಲರೆಯಿಂದ 83 ಸಾವಿರಕ್ಕೆ ಹೋಯಿತು. ಹುಡುಗಿಯರಿಗೆ ಹೋಗುವುದು ಬಿಡುವುದು ಅವರಿಷ್ಟ, ಹೋದರೆ ಒಂದೂವರೆ ವರ್ಷ. ಹುಡುಗರಿಗೆ ಹಾಗಲ್ಲ, ಅದು ಕರ್ತವ್ಯ. ಚರ್ಚಿನ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2022ರ ಏಪ್ರಿಲ್‌ನಲ್ಲಿ ಇದನ್ನು ಮತ್ತೆ ಒತ್ತಿ ಹೇಳಿದರು. ಸಂಬಳ ಇಲ್ಲ. ಇಲ್ಲಿನ ಮಕ್ಕಳಾದರೆ ತಿಂಗಳಿಗೆ 500 ಡಾಲರ್ ತಾವೋ ಮನೆಯವರೋ ಕಟ್ಟಬೇಕು, 2020ರ ತನಕ 400 ಇತ್ತು. ಪಕ್ಕದ ಮನೆಯ ನಮ್ಮ ಹುಡುಗ ಬೇಸಿಗೆಯಲ್ಲಿ ಬೀದಿಯವರ ಹುಲ್ಲು ಕತ್ತರಿಸಿ, ಚಳಿಗಾಲದಲ್ಲಿ ಹಿಮ ಎತ್ತಿ ಹಾಕಿ ಅದಕ್ಕೆ ದುಡ್ಡು ಕೂಡಿಟ್ಟಿದ್ದ. ನಮ್ಮ ಮನೆ ಮುಂದಿನ ಹಿಮವನ್ನೂ ಅವನೇ ಎತ್ತುತ್ತಿದ್ದ.

ಎಲ್ಲಿಗೆ ಹೋಗಬೇಕು ಅಂತ ಅವರು ಆರಿಸುವ ಹಾಗಿಲ್ಲ, ಚರ್ಚು ಹೇಳಿದ ಕಡೆ ಹೋಗಬೇಕು. ಹಿಂದೆ ದೊಡ್ಡ ಬಿಳೀ ಲಕೋಟೆ ಅಂಚೆಯಲ್ಲಿ ಬರುತ್ತಿತ್ತಂತೆ. ಈಗ ಆನ್‌ಲೈನ್. ಆದರೂ ಮನೆಮಂದಿಯೆಲ್ಲ ಸೇರಿದ ಮೇಲೇ ತೆಗೆಯುತ್ತಾರೆ. ನಮ್ಮನ್ನೂ ಕರೆದಿದ್ದರು. ಅಜ್ಜ ಅಜ್ಜಿ ವಿಡಿಯೋದಲ್ಲಿ ಇದ್ದರು. ಹುಡುಗ ಗಟ್ಟಿಯಾಗಿ ಓದಿದ. ‘ಜಪಾನ್’ ಅಂತ ಬರುತ್ತಿದ್ದ ಹಾಗೆ ಎಲ್ಲರೂ ಕೂಗಿದರು. ನಾನು ಅವನ ಅಣ್ಣನನ್ನು ನೋಡುತ್ತಿದ್ದೆ. ಅವನು ಚಪ್ಪಾಳೆ ತಟ್ಟುತ್ತಿದ್ದ, ಮುಖ ಮಾತ್ರ ತಮ್ಮನ ಕಡೆ ಇರಲಿಲ್ಲ.

ಆ ಅಣ್ಣ ಮೂರು ವರ್ಷದ ಹಿಂದೆ ಮಿಷನ್‌ಗೆ ಹೋಗಿ ಐದನೇ ತಿಂಗಳಿಗೆ ವಾಪಸ್ ಬಂದಿದ್ದ. ಎರಡು ವರ್ಷ ಮುಗಿಸಿ ಬಂದವರನ್ನು ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಬಲೂನು, ಬ್ಯಾನರ್ ಹಿಡಿದು ಕಾಯುತ್ತಾರೆ. ನೀವು ಒಂದು ಸಲ ನೋಡಬೇಕು, ಮದುವೆ ದಿಬ್ಬಣದ ಹಾಗಿರುತ್ತೆ. ಅವನನ್ನು ಕರೆತರಲು ಅಪ್ಪ ಅಮ್ಮ ಇಬ್ಬರೇ ಹೋಗಿದ್ದರು. ಆಮೇಲೆ ಎಷ್ಟೋ ವಾರ ಅವನ ರೂಮಿನ ಪರದೆ ಸರಿಸಿರಲಿಲ್ಲ. ವಾರ್ಡಿನವರು, ಅಂದರೆ ಅವರ ಚರ್ಚಿನ ಆ ಬಡಾವಣೆಯವರು, ಏನು ಮಾತಾಡಬೇಕು ಗೊತ್ತಾಗದೆ ಸುಮ್ಮನಿದ್ದುಬಿಟ್ಟರು. ಯಾರೂ ಕೆಟ್ಟವರಲ್ಲ. ಆದರೆ ಆ ಸುಮ್ಮನಿರುವಿಕೆ ಆ ಮನೆಯನ್ನು ಎಷ್ಟು ಹಿಂಡಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಹೊರಡುವ ಮಕ್ಕಳಿಗೆ ವಾರ್ಡಿನಲ್ಲಿ ಭಾನುವಾರ ಒಂದು ತಯಾರಿ ತರಗತಿ ಇರುತ್ತೆ. ಅದನ್ನು ನಡೆಸುತ್ತಿದ್ದವರು ಒಬ್ಬ ನಲವತ್ತು ದಾಟಿದ ಮನುಷ್ಯ. ಅವರಿಗೂ ಸಂಬಳ ಇಲ್ಲ. ಇಲ್ಲಿ ವಾರ್ಡಿನ ಮುಖ್ಯಸ್ಥರಾದ ಬಿಷಪ್ ಕೂಡ ಹಗಲು ತಮ್ಮ ಕೆಲಸ ಮಾಡಿಕೊಂಡು ಸಂಜೆ ಚರ್ಚಿನ ಕೆಲಸ ನೋಡುವವರೇ. ಈ ಮೇಷ್ಟ್ರು ಚಿಕ್ಕವರಿದ್ದಾಗ ಬೆಂಗಳೂರು ಮಿಷನ್‌ನಲ್ಲಿ ಇದ್ದರಂತೆ. ಆ ಮಿಷನ್ ಶುರುವಾಗಿದ್ದು 1993ರಲ್ಲಿ. ನನ್ನನ್ನು ಮೊದಲ ಸಲ ಕಂಡಾಗ ಅವರು ಹೇಳಿದ್ದು ‘ಊಟ ಆಯ್ತಾ?’ ಅಂತ. ಉಚ್ಚಾರಣೆ ಎಷ್ಟು ಸರಿಯಾಗಿತ್ತು ಅಂದರೆ ನನಗೆ ಎದೆ ತುಂಬಿ ಬಂತು.

ಫೆಬ್ರವರಿಯ ಒಂದು ದಿನ ಅವರೇ ಮನೆಗೆ ಬಂದು ಕೇಳಿದರು. ‘ಮಕ್ಕಳು ಒಬ್ಬರ ಎದುರು ಒಬ್ಬರು ಅಭ್ಯಾಸ ಮಾಡ್ತಾರೆ. ಎಲ್ಲರಿಗೂ ಉತ್ತರ ಗೊತ್ತು, ಎಲ್ಲರೂ ಒಂದೇ ವಾರ್ಡು. ನಿಜವಾದ ಬಾಗಿಲು, ನಿಜವಾಗಿ ಬೇರೆ ಮನೆ ಬೇಕು. ನಿಮ್ಮನೆಗೆ ಕರೆದುಕೊಂಡು ಬರಲಾ? ನಿಮ್ಮ ಊರಲ್ಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ.’ ನಾನು ಒಂದು ದಿನ ಯೋಚನೆ ಮಾಡಿ ಹ್ಞೂಂ ಅಂದೆ.

ಭಾನುವಾರ ಸಂಜೆ ಐದಕ್ಕೆ ಆರು ಜನ ಬಂದರು. ನಾಲ್ಕು ಹುಡುಗರು, ಇಬ್ಬರು ಹುಡುಗಿಯರು. ಇಬ್ಬಿಬ್ಬರ ಜೋಡಿ, ಮಿಷನ್‌ನಲ್ಲೂ ಹಾಗೇ. ಜೊತೆಗಾರನನ್ನು ಬಿಟ್ಟು ಒಬ್ಬರೇ ಎಲ್ಲಿಗೂ ಹೋಗುವಂತಿಲ್ಲ. ಕುರ್ಚಿ ಸಾಲದು ಅಂತ ಹುಡುಗನ ಅಣ್ಣ ಅವರ ಮನೆ ಗ್ಯಾರೇಜಿನಿಂದ ಮಡಚುವ ಕುರ್ಚಿಗಳನ್ನು ಹೊತ್ತು ತಂದ. ತಂದವನು ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತ.

ಬೆಲ್ ಆಯಿತು. ನಾನು ನಮ್ಮಮ್ಮ ಮೈಸೂರಿನ ಮನೆ ಬಾಗಿಲಲ್ಲಿ ಹೇಗೆ ಮಾತಾಡುತ್ತಿದ್ದರೋ ಹಾಗೇ ಮಾತಾಡಿದೆ. ‘ಬನ್ನಿ ಬನ್ನಿ, ಚಳಿ ಇದೆ, ಒಳಗೆ ಬನ್ನಿ. ಕಾಫಿ ಕುಡೀತೀರಾ?’

ಅವರಿಗೆ ಕಾಫಿ, ಟೀ ಎರಡೂ ನಿಷಿದ್ಧ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ನಮ್ಮಮ್ಮನಿಗೆ ಗೊತ್ತಿರುತ್ತಿರಲಿಲ್ಲ ಅಲ್ವಾ? ನಾನು ನಿಜವಾಗಿ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿ ಇಟ್ಟಿದ್ದೆ, ಮನೆ ತುಂಬ ಘಮ್ಮಂತಿತ್ತು. ಮೊದಲನೇ ಜೋಡಿಯ ಹುಡುಗ ‘ಬೇಡ, ನಮ್ಮ ಧರ್ಮದಲ್ಲಿ ಅದು ಇಲ್ಲ’ ಅಂತ ಒಂದೇ ಉಸಿರಿಗೆ ಹೇಳಿ, ಕೂತ ತಕ್ಷಣ ಪಾಠ ಶುರು ಮಾಡಿದ. ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಕೊಡಲು ಚಾಚಿದ ಕೈ ನನ್ನದು ಹಾಗೇ ಉಳಿಯಿತು. ಮೇಷ್ಟ್ರು ಅಲ್ಲೇ ತಡೆದರು. ‘ಅವರು ಕೊಟ್ಟಿದ್ದು ಕಾಫಿ ಅಲ್ಲಪ್ಪ. ಬಾ ಅಂತ ಕರೆದರು. ನೀನು ಅದನ್ನೇ ಬೇಡ ಅಂದೆ,’ ಅಂದರು.

ಎರಡನೇ ಜೋಡಿ ಹುಡುಗಿಯರದು. ಅವರಲ್ಲಿ ಒಬ್ಬಳು ‘ತುಂಬಾ ಒಳ್ಳೇ ವಾಸನೆ. ನಾವು ಕಾಫಿ ಕುಡಿಯಲ್ಲ, ನೀರು ಕೊಡ್ತೀರಾ?’ ಅಂದಳು. ನಾನು ನೀರು ಕೊಡಲಿಲ್ಲ, ಮಜ್ಜಿಗೆ ಕೊಟ್ಟೆ. ಅವಳು ಇಂಗಿನ ವಾಸನೆಗೆ ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ಕುಡಿದಳು. ನನ್ನ ಮಗ ಯಾವ ಕಾಲೇಜಿಗೆ ಹೋಗ್ತಾನೆ, ಅವನನ್ನು ಬಿಟ್ಟಿರುವುದು ಕಷ್ಟ ಆಗಲ್ವಾ ಅಂತೆಲ್ಲ ಕೇಳಿದಳು. ಕೊಟ್ಟ ಹತ್ತು ನಿಮಿಷ ಅದರಲ್ಲೇ ಮುಗಿದುಹೋಯಿತು. ಪಾಠದ ಒಂದು ಸಾಲೂ ಹೇಳಲಿಲ್ಲ ಅಂತ ಅವಳು ಪೆಚ್ಚಾದಳು. ಮೇಷ್ಟ್ರು ಮಾತ್ರ ಅವಳನ್ನೇ ಹೊಗಳಿದರು.

ಅವರು ಹೇಳಿದ್ದು ನನಗೆ ಹೊಸ ವಿಷಯ. ಅವರ ಕಾಲದಲ್ಲಿ ಆರು ಪಾಠ ಇದ್ದವು, ಉರು ಹೊಡೆದು ಒಪ್ಪಿಸಬೇಕಿತ್ತು. 2004ರಲ್ಲಿ ಹೊಸ ಕೈಪಿಡಿ ಬಂದಮೇಲೆ ಬಾಯಿಪಾಠ ಹೋಯಿತು. ಎದುರಿಗಿರುವವರನ್ನು ನೋಡಿ, ಅವರಿಗೆ ತಕ್ಕ ಹಾಗೆ ಮಾತಾಡಬೇಕು ಅಂತಾಯಿತು. 2023ರಲ್ಲಿ ಅದನ್ನು ಮತ್ತೆ ತಿದ್ದಿದ್ದಾರೆ. ‘ಬಾಯಿಪಾಠ ಹೋಗಿ ಇಪ್ಪತ್ತು ವರ್ಷ ಆಗ್ತಾ ಬಂತು. ಮಕ್ಕಳ ತಲೆಯಿಂದ ಇನ್ನೂ ಹೋಗಿಲ್ಲ,’ ಅಂದರು.

ಮೂರನೇ ಜೋಡಿಯಲ್ಲಿ ನಮ್ಮ ಹುಡುಗ. ಕೆನ್ನೆ ಇನ್ನೂ ಸ್ವಲ್ಪ ಊದಿತ್ತು. ಚೆನ್ನಾಗೇ ಮಾತಾಡಿದ. ಹೋಗುವಾಗ ಕೇಳಿದ, ‘ಮುಂದಿನ ವಾರ ಮತ್ತೆ ಬರಬಹುದಾ?’

‘ನೋಡೋಣ,’ ಅಂದೆ. ಇಂಗ್ಲಿಷ್‌ನಲ್ಲೇ ಹೇಳಿದೆ, ಹೇಳಿದ ರೀತಿ ಮಾತ್ರ ನಮ್ಮದೇ.

ಅವನ ಮುಖ ಅರಳಿತು. ಜೊತೆಗಾರ ಡೈರಿಯಲ್ಲಿ ಬರೆದುಕೊಂಡ. ವಾರ ವಾರ ಎಷ್ಟು ಜನರಿಗೆ ಕಲಿಸಿದಿರಿ, ಎಷ್ಟು ಜನ ಚರ್ಚಿಗೆ ಬಂದರು ಅಂತ ಲೆಕ್ಕ ಕೊಡಬೇಕಲ್ಲ, ಅದರ ಅಭ್ಯಾಸ. ಮೇಷ್ಟ್ರು ನನ್ನ ಕಡೆ ತಿರುಗಿದರು. ‘ನೀವು ಹೇಳಿದ್ದಕ್ಕೆ ಏನರ್ಥ, ಇವರಿಗೆ ಹೇಳಿ.’

‘ಬೇಡ ಅಂತ,’ ಅಂದೆ.

ಆರೂ ಜನ ನನ್ನನ್ನೇ ನೋಡಿದರು. ನಾನು ಹೇಳುತ್ತಾ ಹೋದೆ. ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲು ನಮ್ಮ ಕಡೆ ಬಾಯಿ ಬರಲ್ಲ. ನೋಡೋಣ ಅಂತೀವಿ. ನಾಳೆ ಬನ್ನಿ ಅಂತೀವಿ. ನಮ್ಮ ಯಜಮಾನರನ್ನ ಕೇಳಿ ಹೇಳ್ತೀನಿ ಅಂತೀವಿ. ಕೇಳಿಸಿಕೊಳ್ಳುವವರಿಗೆ ಅದು ಗೊತ್ತಿರಬೇಕು. ಗೊತ್ತಿಲ್ಲದೆ ನೀವು ಮತ್ತೆ ಬಂದರೆ ನಾನು ಮತ್ತೆ ಮಜ್ಜಿಗೆ ಕೊಡ್ತೀನಿ, ಮತ್ತೆ ನೋಡೋಣ ಅಂತೀನಿ. ನಿಮಗೆ ಆಸೆ ಬೆಳೆಯುತ್ತೆ, ನನಗೆ ಹಿಂಸೆ ಆಗುತ್ತೆ. ಬಾಯಿಂದ ಬರದ ಆ ಬೇಡ ಅನ್ನೋದು ನಿಮ್ಮ ಕಿವಿಗೆ ಬಿದ್ದ ದಿನ ಎದ್ದು ಹೋಗಿಬಿಡಿ, ಅದೇ ಮರ್ಯಾದೆ. ಅಷ್ಟು ಹೊತ್ತಿಗೆ ನನ್ನ ಧ್ವನಿ ಸ್ವಲ್ಪ ಏರಿತ್ತು. ಇದನ್ನು ಯಾರಿಗಾದರೂ ಹೇಳಬೇಕು ಅಂತ ಎಷ್ಟೋ ವರ್ಷದಿಂದ ಮನಸ್ಸಿನಲ್ಲಿತ್ತು.

ಮೇಷ್ಟ್ರು ಮೆಲ್ಲಗೆ ಹೇಳಿದರು. ‘ಬೆಂಗಳೂರಲ್ಲಿ ನನಗೆ ಇದು ತಿಳಿಯೋಕೆ ಒಂದು ವರ್ಷ ಹಿಡೀತು.’

ಮಕ್ಕಳು ಹೋದಮೇಲೆ ಅಣ್ಣ ಉಳಿದುಕೊಂಡ. ಲೋಟಗಳನ್ನೆಲ್ಲ ಸಿಂಕಿಗೆ ತಂದ. ನಾನು ತೊಳೆದು ಕೊಡುತ್ತಿದ್ದೆ, ಅವನು ಒರೆಸುತ್ತಿದ್ದ. ನಮ್ಮ ಸ್ಟೀಲ್ ಲೋಟದ ಅಂಚನ್ನು ಬಟ್ಟೆಯಿಂದ ಸುತ್ತ ಸುತ್ತ ಒರೆಸುತ್ತಾ, ನನ್ನನ್ನು ನೋಡದೆ ಹೇಳಿದ. ‘ನಾನೂ ನೋಡೋಣ ಅಂದಿದ್ದೆ.’

ಮಿಷನ್‌ಗೆ ಹೋಗುವ ಮೊದಲು ಬಿಷಪ್ ಜೊತೆ, ಆಮೇಲೆ ಅವರ ಮೇಲಿನವರ ಜೊತೆ ಸಂದರ್ಶನ ಇರುತ್ತೆ. ನಂಬಿಕೆ, ನಡತೆ ಎಲ್ಲ ಕೇಳುತ್ತಾರೆ. ಸಿದ್ಧವಾಗಿದ್ದೀಯಾ ಅಂತ ಕೇಳಿದಾಗ ಅವನು ‘ಅನ್ಸುತ್ತೆ’ ಅಂದಿದ್ದನಂತೆ. ಎಲ್ಲರಿಗೂ ಅದು ಹೌದು ಅಂತಲೇ ಕೇಳಿಸಿತು. ಅವನಿಗೆ ಆಗಲೇ ರಾತ್ರಿ ನಿದ್ದೆ ಬರುತ್ತಿರಲಿಲ್ಲ. 2013ರಿಂದ ಮಿಷನರಿಗಳಿಗೆ ಒಂದು ಚಿಕ್ಕ ಪುಸ್ತಿಕೆ ಕೊಡುತ್ತಾರೆ. ಮನಸ್ಸಿನ ಒತ್ತಡವನ್ನು ನಾಲ್ಕು ಬಣ್ಣದಲ್ಲಿ ಗುರುತಿಸುವುದು ಅದರಲ್ಲಿದೆ. ಹಸಿರು ಅಂದರೆ ಆರಾಮ, ಆಮೇಲೆ ಹಳದಿ, ಕಿತ್ತಳೆ, ಕೊನೆಗೆ ಕೆಂಪು. ‘ನಾನು ಕಿತ್ತಳೆಯಲ್ಲಿದ್ದೆ, ಹಳದಿ ಅಂತ ಹೇಳ್ತಿದ್ದೆ. ಕೆಂಪಾದಾಗಲೂ ಹಳದಿ ಅಂತಲೇ ಹೇಳಿದೆ,’ ಅಂದ. ನನಗೆ ಏನು ಹೇಳಲೂ ತೋಚಲಿಲ್ಲ. ಇನ್ನೊಂದು ಲೋಟ ತೊಳೆದು ಕೊಟ್ಟೆ.

ಮಾರನೇ ದಿನ ಅವನನ್ನು ಕೇಳಿಯೇ ಈ ಮಾತನ್ನು ಅವನ ಅಮ್ಮನಿಗೆ ತಲುಪಿಸಿದೆ. ಅವರು ಬಹಳ ಹೊತ್ತು ಅತ್ತರು. ಈ ಚರ್ಚಿನ ತಯಾರಿ ಎಷ್ಟು ಅಚ್ಚುಕಟ್ಟು ಅಂತ ನನಗೆ ಗೊತ್ತು. ಎರಡು ಪ್ಯಾಂಟಿರುವ ಸೂಟು, ಬೆಳಿಗ್ಗೆ ಆರೂವರೆಗೆ ಏಳುವುದು, ಹೋದ ಮೊದಲ ಹನ್ನೆರಡು ವಾರ ಕಲಿಸಿಕೊಡಲು ಅನುಭವ ಇರುವ ಜೊತೆಗಾರ, ಮೇಲೆ ನೋಡಿಕೊಳ್ಳಲು ಮೂರು ವರ್ಷಕ್ಕೆ ನೇಮಕವಾದ ಗಂಡ ಹೆಂಡತಿ. ಹೊರಗೆ ಹೋಗಲು ಆಗದವರು ಮನೆಯಲ್ಲೇ ಇದ್ದು ಸೇವಾ ಮಿಷನ್ ಮಾಡುವ ದಾರಿಯೂ ಇದೆ, ಈಗ ಎರಡಕ್ಕೂ ಅರ್ಜಿ ಹಾಕುವ ಕ್ರಮ ಒಂದೇ. ಇಷ್ಟೆಲ್ಲ ಇದ್ದೂ ಆ ಮಗುವಿನ ‘ಅನ್ಸುತ್ತೆ’ ಯಾರ ಕಿವಿಗೂ ಬೀಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ. ಮಾತಾಡಲು ಕಲಿಸುವ ಮೊದಲು ಈ ಮಕ್ಕಳ ಮಾತನ್ನು ಹಿರಿಯರು ಕೇಳಲಿ ಅಂತ ನಾನು ಮೇಷ್ಟ್ರಿಗೂ ಹೇಳಿದೆ. ಅವರು ಬಿಷಪ್‌ಗೆ ಹೇಳಿದರು. ಬಿಷಪ್ ಸೂಟು ಟೈ ಇಲ್ಲದೆ ನಮ್ಮ ಹುಡುಗನನ್ನು ಕರೆದುಕೊಂಡು ಕ್ಯಾನ್ಯನ್ ಕಡೆ ನಡೆಯಲು ಹೋದರು, ಎರಡು ಸಲ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಹೊರಡುವ ದಿನ ಬದಲಾಗಲಿಲ್ಲ. ಅವನೇ ಹೋಗಬೇಕು ಅಂದನಂತೆ.

ಮೊದಲ ವಾರ ಮನೆಯಲ್ಲೇ ಕಂಪ್ಯೂಟರ್ ಮುಂದೆ ತರಬೇತಿ. ಆಮೇಲೆ ಪ್ರೊವೊದ ತರಬೇತಿ ಕೇಂದ್ರ. ನಮ್ಮೂರಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ, ಆದರೂ ನೋಡಲು ಹೋಗುವಂತಿಲ್ಲ. ಅವರಪ್ಪನ ಕಾಲದಲ್ಲಿ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೊಂದು, ಅಮ್ಮಂದಿರ ದಿನಕ್ಕೊಂದು. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಎರಡನೇ ವಾರದ ಫೋನು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ.

ಜಪಾನೀಸ್ ಕಷ್ಟ ಅಂದ. ಊಟ ಪರವಾಗಿಲ್ಲ ಅಂದ. ಆಮೇಲೆ ನನ್ನನ್ನು ನೋಡಿ ಹೇಳಿದ. ‘ಇಲ್ಲಿ ಚೊಟ್ಟೊ ಅಂತ ಒಂದು ಪದ ಹೇಳಿಕೊಟ್ರು. ಸ್ವಲ್ಪ ಅಂತ ಅರ್ಥ. ಆದ್ರೆ ಯಾರಾದ್ರೂ ಚೊಟ್ಟೊ ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ್ರೆ, ಬೇಡ ಅಂತ. ಕ್ಲಾಸಲ್ಲಿ ನನಗೊಬ್ಬನಿಗೇ ಥಟ್ ಅಂತ ಅರ್ಥ ಆಯ್ತು.’

ಹಿಂದಿನಿಂದ ಅಣ್ಣ ಕೇಳಿದ. ‘ಯಾವ ಬಣ್ಣ?’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಳದಿ,’ ಅಂದ. ಆಮೇಲೆ, ‘ನಿನ್ನೆ ರಾತ್ರಿ ಕಿತ್ತಳೆ ಇತ್ತು.’

ಅಣ್ಣ ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತ. ನಾವಿಬ್ಬರೂ ಹೆಂಗಸರು ಎದ್ದು ಅಡುಗೆಮನೆಗೆ ಹೋದೆವು.