ಮೂಲೆ ಮಡಚಿದ ಪುಟ

ಕ್ರೀಡಾಕೂಟದ 400 ಮೀಟರ್ ಓಟದಲ್ಲಿ ಅಕ್ಕನ ಮಗಳು ನಾಲ್ಕನೆಯವಳಾಗಿ ಬಂದಳು. ಎರಡು ದಿನ ಊಟ ಸೇರಲಿಲ್ಲ. "ಇನ್ನು ಮಹಾತ್ಮ ಗಾಂಧಿ ಸ್ಟೇಡಿಯಂ ಕಡೆ ತಲೆ ಹಾಕಿಯೂ ಮಲಗಲ್ಲ ಚಿಕ್ಕಮ್ಮ" ಅಂದಳು. ತುಮಕೂರಿನಲ್ಲಿ ಅವಳಿಗೆ ಅದಕ್ಕಿಂತ ಇಷ್ಟದ ಜಾಗ ಇನ್ನೊಂದಿಲ್ಲ.

ಅಭಿನವ್ ಬಿಂದ್ರಾ ಅವರ ಆತ್ಮಕಥೆ ನನ್ನ ಹತ್ತಿರ ಇತ್ತು. ಇಂಗ್ಲಿಷ್ ಪುಸ್ತಕ. ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ ಏಳನೆಯವರಾಗಿದ್ದು, 2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದದ್ದು. ಚಿನ್ನದ ಮಾತಿಗೆ ಸುಮ್ನೆ ತಲೆಯಾಡಿಸಿದಳು. ಅವಳು ಕೇಳಿದ್ದೇ ಬೇರೆ. "ಏಳನೇ ಸ್ಥಾನ ಬಂದ್ಮೇಲೆ ಮತ್ತೆ ರೈಫಲ್ ಹಿಡಿಯೋಕೆ ಮನಸ್ಸು ಹೆಂಗೆ ಬಂತು?"

ಮಕ್ಕಳಿಗೆ ಬೇಕಾಗಿರುವುದು ಆ ನಡುವಿನ ನಾಲ್ಕು ವರ್ಷದ ಕಥೆಯೇ ಅಲ್ವಾ? ನಾವು ತೋರಿಸುವುದು ಮಾತ್ರ ಪದಕದ ಫೋಟೋ. ಸೋತವರ ಮನಸ್ಸಿನೊಳಗೆ ಏನು ನಡೆಯಿತು ಅಂತ ಹೇಳುವ ಇಂಥ ಪುಸ್ತಕಗಳು, ಆರೇಳನೇ ಕ್ಲಾಸಿನ ಮಕ್ಕಳು ತಾವೇ ಓದಿಕೊಳ್ಳುವ ಹಾಗೆ, ಕನ್ನಡದಲ್ಲಿ ಇನ್ನೂ ಜಾಸ್ತಿ ಬರಬೇಕು. ಎಷ್ಟು ಮಕ್ಕಳಿಗೆ ಪಕ್ಕದಲ್ಲಿ ಕೂತು ಅನುವಾದ ಮಾಡಿ ಹೇಳುವವರಿದ್ದಾರೆ?

ಇವತ್ತು ಬೆಳಿಗ್ಗೆ ನೋಡಿದರೆ ಅಥೆನ್ಸ್ ಬರುವ ಪುಟದ ಮೂಲೆ ಮಡಚಿದೆ. ಓಟದ ಶೂ ತೊಳೆದು ಕಾಂಪೌಂಡ್ ಮೇಲೆ ಒಣಗಲು ಇಟ್ಟಿದ್ದಾಳೆ.