ಸರ್ವಿಸ್ ಯಾರ ಹೆಸರಲ್ಲಿ ಓಡಬೇಕು?

ವಿಂಡೋಸ್‌ನಲ್ಲಿ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ತಾನೇ ಓಡುವ ಪ್ರೋಗ್ರಾಂ, ಇನ್‌ಸ್ಟಾಲ್ ಮಾಡುವಾಗ ಅಡ್ಮಿನ್ ಅಕೌಂಟ್ ಹಾಕಿ ಎದ್ದುಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಅದರ ಫಲ ನೋಡಿದ್ದೇನೆ.

ಮೇ ತಿಂಗಳ ಗುಡುಗು ಮಳೆ. ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಸರ್ವರ್ ಆನ್ ಆಗಿತ್ತು. ತೂಕವನ್ನು ಬಿಲ್ಲಿಗೆ ಕಳಿಸುವ ಸರ್ವಿಸ್ ಮಾತ್ರ ನಿಂತಿತ್ತು. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ರಾಶಿ ಅಡಿಕೆ ತಂದವರು ಮೂಟೆ ಇಳಿಸಿ ಕಾಯುತ್ತಿದ್ದರು. "ಸಾರ್, ಬಿಲ್ಲಲ್ಲಿ ಏನೂ ಬರ್ತಿಲ್ಲ" ಅಂತ ಫೋನ್ ಮೇಲೆ ಫೋನ್.

ಡೇಟಾಬೇಸ್ ಕೆಟ್ಟಿರಬೇಕು ಅಂದುಕೊಂಡೆ. ಕರೆಂಟ್ ಹೋದಾಗ ಮೊದಲ ಅನುಮಾನ ಅದರ ಮೇಲೇ ಅಲ್ವಾ. ಚೆಕ್ ಮಾಡಿದರೆ ಅದು ಸರಿಯಾಗೇ ಇತ್ತು. ಸ್ಟಾರ್ಟ್ ಒತ್ತಿದೆ. ಎರರ್ 1069, ಲಾಗಾನ್ ಫೇಲ್ಯೂರ್.

ಸರ್ವಿಸ್ ಯಾರ ಹೆಸರಲ್ಲಿ ಓಡುತ್ತದೆ ಅಂತ ತೋರಿಸುವ ಲಾಗ್ ಆನ್ ಟ್ಯಾಬ್‌ನಲ್ಲಿ ಕೆಲಸ ಬಿಟ್ಟುಹೋದ ಎಂಜಿನಿಯರ್ ಒಬ್ಬರ ಅಕೌಂಟ್ ಇತ್ತು. ಅದೂ ಡೊಮೈನ್ ಅಡ್ಮಿನ್, ಅಂದರೆ ಆಫೀಸಿನ ಇಡೀ ನೆಟ್‌ವರ್ಕ್ ಮೇಲೆ ಅಧಿಕಾರ ಇರುವ ಅಕೌಂಟ್! ಅವರು ಹೋದಾಗಲೇ ಪಾಸ್‌ವರ್ಡ್ ಬದಲಾಯಿಸಿದ್ದರು. ಓಡುತ್ತಿರುವ ಸರ್ವಿಸ್ ಅದರಿಂದ ನಿಲ್ಲುವುದಿಲ್ಲ, ರೀಸ್ಟಾರ್ಟ್ ಆದಾಗಲೇ ಸಿಕ್ಕಿಬೀಳುತ್ತದೆ. ಲಾಗ್ ತೆಗೆದರೆ ಇನ್ನೊಂದು ಸಂಗತಿ: ಫೈಲ್ ಸರ್ವರ್‌ಗೆ ಹೋಗಬೇಕಿದ್ದ ಬಿಲ್ ಕಾಪಿ ಪಾಸ್‌ವರ್ಡ್ ಬದಲಾದ ಕೆಲವೇ ದಿನಗಳಲ್ಲಿ ನಿಂತುಹೋಗಿತ್ತು. ಯಾರೂ ನೋಡಿರಲಿಲ್ಲ.

"ಸುಮ್ನೆ ಲೋಕಲ್ ಸಿಸ್ಟಮ್ ಹಾಕಿ, ಎಲ್ಲಾ ನಡೆಯುತ್ತೆ" ಅಂದರು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್‌ನವರು. ಮ್ಯಾನೇಜರ್ ಪಕ್ಕದಲ್ಲೇ ನಿಂತು "ಹಾಕ್ರೀ ಮತ್ತೆ" ಅಂದರು. ನಾನು ಒಪ್ಪಲಿಲ್ಲ. ಲೋಕಲ್ ಸಿಸ್ಟಮ್‌ಗೆ ಆ ಮೆಷಿನ್‌ನಲ್ಲಿ ಮಾಡಲಾಗದ್ದು ಏನೂ ಇಲ್ಲ ಅನ್ನಬಹುದು. ಈ ಸರ್ವಿಸ್ ನೆಟ್‌ವರ್ಕ್‌ಗೆ ಪೋರ್ಟ್ ತೆರೆದು ಕೂತಿರುತ್ತದೆ. ಅಲ್ಲೊಂದು ತೂತು ಸಿಕ್ಕರೆ ಇಡೀ ಸರ್ವರೇ ಹೋಯಿತು. ಸಾದಾ ಡೊಮೈನ್ ಯೂಸರ್ ಒಂದನ್ನು ಮಾಡಿ, ಬೇಕಾದ ಫೋಲ್ಡರ್ ಮತ್ತು ಡೇಟಾಬೇಸ್‌ಗಷ್ಟೇ ಪರ್ಮಿಷನ್ ಕೊಟ್ಟು ಸ್ಟಾರ್ಟ್ ಮಾಡಿದೆ. ತೂಕ ಬರತೊಡಗಿತು.

ಆದರೆ ಅದರ ಪಾಸ್‌ವರ್ಡ್ ಕೂಡ ನಾಳೆ ಇದೇ ತಲೆನೋವು ತರುತ್ತದೆ. ನಾವು ಪಾಸ್‌ವರ್ಡ್ ಹಾಕಬೇಕಿಲ್ಲದ ವಿಂಡೋಸ್‌ನದೇ ಅಕೌಂಟ್‌ಗಳೂ ಇವೆ. ಅವುಗಳಲ್ಲಿ ಲೋಕಲ್ ಸರ್ವಿಸ್ ಅಕೌಂಟ್ ನೆಟ್‌ವರ್ಕ್‌ಗೆ ಅನಾಮಿಕವಾಗಿ ಹೋಗುತ್ತದೆ, ಫೈಲ್ ಸರ್ವರ್ ಒಳಗೆ ಬಿಡುವುದಿಲ್ಲ. ನೆಟ್‌ವರ್ಕ್ ಸರ್ವಿಸ್ ಮೆಷಿನ್ ಹೆಸರಲ್ಲಿ ಹೋಗುತ್ತದೆ. ಅದಕ್ಕೆ ಷೇರ್ ಕೊಟ್ಟರೆ ಆ ಮೆಷಿನ್ ಹೆಸರಲ್ಲಿ ಹೋಗುವ ಬೇರೆ ಸರ್ವಿಸ್‌ಗಳಿಗೂ ಕೊಟ್ಟಂತೆ. ಸರ್ವಿಸ್‌ನ ಹೆಸರಲ್ಲೇ ವಿಂಡೋಸ್ ಮಾಡಿಕೊಳ್ಳುವ ವರ್ಚುವಲ್ ಅಕೌಂಟ್ ನನಗೆ ತುಂಬಾ ಇಷ್ಟ, ಒಂದೇ ಮೆಷಿನ್ ಒಳಗಿನ ಕೆಲಸಕ್ಕೆ ಅದೇ ಸಾಕು. ಆದರೆ ನೆಟ್‌ವರ್ಕ್‌ನಲ್ಲಿ ಅದೂ ಮೆಷಿನ್ ಹೆಸರೇ.

ಕೊನೆಗೆ ಪಾಸ್‌ವರ್ಡನ್ನು ಡೊಮೈನೇ ನೋಡಿಕೊಳ್ಳುವ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್‌ಗೆ ಬದಲಾಯಿಸಿದೆ. ವಿಂಡೋಸ್ ಸರ್ವರ್ 2012ರಿಂದಲೇ ಇದೆ. ಪಾಸ್‌ವರ್ಡ್ ಯಾರೂ ಟೈಪ್ ಮಾಡಬೇಕಿಲ್ಲ, ಡಿಫಾಲ್ಟ್ ಆಗಿ 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಡೊಮೈನ್‌ನಲ್ಲಿ ಮೊದಲ ಸಲ, ಈ ಪಾಸ್‌ವರ್ಡ್‌ಗಳನ್ನು ಹುಟ್ಟಿಸಲು ಬೇಕಾದ ಕೆಡಿಎಸ್ ರೂಟ್ ಕೀ ಮಾಡಿದ ಮೇಲೆ 10 ಗಂಟೆ ಕಾಯಬೇಕು. ಅಡಿಕೆ ಮೂಟೆ ಮುಂದೆ ಇಟ್ಟುಕೊಂಡು ಆಗುವ ಕೆಲಸ ಅಲ್ಲ, ಮೊದಲೇ ಮಾಡಿಡಿ.

ಆ ಸಾಫ್ಟ್‌ವೇರ್‌ನ ಇನ್‌ಸ್ಟಾಲ್ ಗೈಡ್‌ನಲ್ಲಿ ಈಗಲೂ ಅಡ್ಮಿನಿಸ್ಟ್ರೇಟರ್ ಅಕೌಂಟ್ ಹಾಕಿ ಅಂತಲೇ ಇದೆ. ತಿದ್ದಿ ಅಂತ ಕಂಪನಿಗೆ ಮೇಲ್ ಹಾಕಿದ್ದೇನೆ. ತಿದ್ದುವವರೆಗೂ ಹಾಕುತ್ತಲೇ ಇರುತ್ತೇನೆ.